ಹೊಸ್ತಿಲು ದಾಟದ ಕಾಗದ

ಕೂತಲ್ಲಿ ಕೂರಲಾರದ ರೋಗ ನನಗೆ ಹುಟ್ಟಿನಿಂದಲೇ ಇದೆ ಎಂದು ನಮ್ಮತ್ತೆ ಓಣಿಯವರ ಮುಂದೆ ಹೇಳುತ್ತಾರೆ. ಶುದ್ಧ ಸುಳ್ಳು. ನಾನೂ ಎಲ್ಲರ ಹಾಗೆ ಉಂಡ ತಾಟಿನ ಮುಂದೆ ಕೈ ಒಣಗುವ ತನಕ ಕೂತು ಹರಟಿದವಳೇ, ಮಧ್ಯಾಹ್ನ ಮುಖದ ಮೇಲೆ ಸೆರಗು ಎಳೆದುಕೊಂಡು ಗೊರಕೆ ಹೊಡೆದವಳೇ. ಈ ಚಡಪಡಿಕೆ ಶುರುವಾದದ್ದು ನಮ್ಮನೆಯವರು ಹೋದ ಮೇಲೆ. ಅವರು ಚಿತ್ತಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಶಹಾಬಾದದ ನಮ್ಮ ಮನೆಯಿಂದ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟರೆ ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ ಸೇರುತ್ತಿದ್ದರು. ಒಂದು ದಿನ ಶಾಲೆಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸಂಜೆ ಡಬ್ಬಿಯನ್ನು ಯಾರೋ ತಂದುಕೊಟ್ಟರು, ಅವರನ್ನು ಆಂಬುಲೆನ್ಸ್ ತಂದಿತು.

ಅಂದಿನಿಂದ ನನ್ನ ಕೈಕಾಲು ನನ್ನ ಮಾತು ಕೇಳುವುದನ್ನು ಬಿಟ್ಟವು. ದಿನಕರ್ಮ ಮುಗಿದು ಬೀಗರು ಬಿಜ್ಜರು ಎದ್ದು ಹೋದದ್ದೇ ತಡ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ. ತೊಳೆದದ್ದನ್ನು ಮರುದಿನ ಮತ್ತೆ ತೊಳೆದೆ. ಬೇಳೆ ಕುದಿಯುವಾಗ ಒಲೆಯ ಮುಂದೆ ನಿಲ್ಲಲಾರೆ, ಅಂಗಳಕ್ಕೆ ಹೋಗಬೇಕು. ಅಂಗಳದಲ್ಲಿ ನಿಲ್ಲಲಾರೆ, ಬೇಳೆ ಉಕ್ಕೀತು. ಎದುರುಮನೆಯಾಕೆ ನನಗೆ ಕೇಳಲೆಂದೇ ಗಟ್ಟಿಯಾಗಿ ಅಂದಳು, "ಅಕಿ ಅಳವಲ್ಲಳು, ಕುಂಡ್ರವಲ್ಲಳು. ಕಾಲಿಗಿ ಚಕ್ರ ಕಟಗೊಂಡಾಳ." ಅನ್ನಲಿ. ಅವಳ ಕಾಲಿಗೆ ಕಟ್ಟಿದ್ದರೆ ಗೊತ್ತಾಗುತ್ತಿತ್ತು.

ನೌಕರಿಯಲ್ಲಿರುವಾಗಲೇ ತೀರಿಕೊಂಡವರ ಮನೆಯ ಒಬ್ಬರಿಗೆ ಸರಕಾರ ಅನುಕಂಪದ ಆಧಾರದ ಮೇಲೆ ನೌಕರಿ ಕೊಡುತ್ತದೆ. ಆದರೆ ಅರ್ಜಿ ವರ್ಷದೊಳಗೆ ಹೋಗಬೇಕು, ಅದರ ಹಿಂದೆ ಕಾಗದಗಳ ದಿಬ್ಬಣವೇ ಹೋಗಬೇಕು. ಅರ್ಜಿ ಹಾಕುವವಳು ನಾನು. ಪಿಯುಸಿ ಓದುತ್ತಿದ್ದ ಮಗಳು, ವಯಸ್ಸಾದ ಅತ್ತೆ, ಎರಡು ಕೋಣೆಯ ಮನೆ, ಇಷ್ಟೂ ಆ ಒಂದು ನೌಕರಿಯನ್ನು ನೆಚ್ಚಿಕೊಂಡಿತ್ತು. ಸಿಗದಿದ್ದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು, ನಾನು ಭಂಕೂರಿನ ಕಲ್ಲು ಪಾಲೀಶ್ ಮಾಡುವಲ್ಲಿ ದುಡಿಯಲು ಹೋಗಬೇಕಾಗುತ್ತಿತ್ತು. ಆ ಕೆಲಸವನ್ನು ನಾನು ಹೀನಾಯ ಮಾಡುವುದಿಲ್ಲ, ನಮ್ಮ ಓಣಿಯ ಅರ್ಧ ಮಂದಿ ಅದರಲ್ಲೇ ಉಂಡಿದ್ದಾರೆ. ನನಗೆ ಆ ಧೂಳು ಆಗುವುದಿಲ್ಲ, ಅಷ್ಟೇ. ಬಾಗಿಲ ಮುಂದೆ ಕಲ್ಲಿನ ಟ್ರಕ್ಕು ಹೋದರೂ ಸಂಜೆಯ ತನಕ ಕೆಮ್ಮುತ್ತೇನೆ.

ಕಾಗದ ಹುಡುಕಲು ಕೂತೆ. ಕೂತೆ ಎನ್ನುವುದು ಮಾತಿಗೆ. ಶಾಲೆಯಲ್ಲಿ ನಮ್ಮನೆಯವರದು ಎಷ್ಟು ಅಚ್ಚುಕಟ್ಟು ಎಂದರೆ, ಗಡ್ಡ ಬೆಳೆದವನು ಬಂದು ತಾನು ಚಡ್ಡಿ ಹಾಕಿದ್ದಾಗಿನ ಟೀಸಿ ಕೇಳಿದರೂ ಚಹಾ ಆರುವುದರೊಳಗೆ ತೆಗೆದುಕೊಡುತ್ತಿದ್ದರಂತೆ. ಮನೆಗೆ ಬಂದರೆ ಆ ಮನುಷ್ಯ ಎಲ್ಲಿ ಹೋಗುತ್ತಿದ್ದನೋ ಶಿವನೇ ಬಲ್ಲ. ಕರೆಂಟಿನ ಬಿಲ್ಲು ದೇವರ ಫೋಟೋದ ಹಿಂದೆ. ಗ್ಯಾಸಿನ ಪುಸ್ತಕ ಜೋಳದ ಪೀಪಾಯಿಯ ಮೇಲೆ, ಅದರ ಮೇಲೆ ಮೊರ. ಮಗಳ ಜನನ ಪತ್ರ ಗಾದಿಯ ಕೆಳಗೆ, ಬ್ಯಾಂಕಿನ ಪಾಸ್‌ಬುಕ್ಕು ಸ್ವೆಟರಿನ ಕಿಸೆಯಲ್ಲಿ. ನಾನು ಬೈದಾಗಲೆಲ್ಲ ಒಂದೇ ಉತ್ತರ, "ಇಟ್ಟಿದ್ದು ಇಟ್ಟಲ್ಲೇ ಅದ. ಅದಕ್ಕೇನು ಕಾಲ ಬಂದಾವೇನು?" ಈಗ ಬೈಯೋಣವೆಂದರೆ ಎದುರಿಗೆ ಆಳಿಲ್ಲ. ಗಾದಿ ಎತ್ತಿ, ಟ್ರಂಕು ಮಗುಚಿ, ಕಪಾಟಿನ ಬಟ್ಟೆ ಕೆಡವಿ ಮನೆಯನ್ನು ಜಾತ್ರೆ ಮಾಡಿಟ್ಟೆ. ಮಗಳು ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತು, "ಅವ್ವಾ, ಕಳ್ಳರು ಬಂದಿದ್ರೇನು?" ಅಂದಳು.

ರೇಷನ್ ಕಾರ್ಡು ಕಡೆಗೂ ಸಿಕ್ಕಿದ್ದು ನಾನು ಮೊದಲ ದಿನದಿಂದ ಬಗಲಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಚೀಲದಲ್ಲೇ. ಅತ್ತೆಗೆ ಅಷ್ಟು ಸಾಕಾಯಿತು. "ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದ್ಲಂತ, ಹಂಗಾತು ಇದು" ಎಂದರು. ನನಗೆ ರೇಗಿತು. ಅವತ್ತೇ ನಿರ್ಧಾರ ಮಾಡಿದೆ. ಈ ಮನೆಯಲ್ಲಿ ಕಾಗದಗಳಿಗೆ ಒಂದು ಜಾಗ ಆಗಬೇಕು, ಒಂದು ಮೇಜಾಗಬೇಕು, ಪ್ರತಿ ಕಾಗದಕ್ಕೂ ಒಂದು ಮನೆ ಆಗಬೇಕು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದು ಬೆರಳಿಗೆ ಬರಬೇಕು.

ಮೇಜು ಕೊಳ್ಳುವ ಮಾತೇ ಇರಲಿಲ್ಲ. ಮದುವೆಯಲ್ಲಿ ನನ್ನ ತವರೂರು ಕೊಡ್ಲಿಯಿಂದ ಬಂದ ಹೊಲಿಗೆ ಮಷೀನೊಂದಿತ್ತು, ತಲೆ ಕೆಟ್ಟು ಎಷ್ಟೋ ಕಾಲವಾಗಿತ್ತು. ಮಷೀನಿನ ತಲೆಯ ಮಾತು ಹೇಳುತ್ತಿದ್ದೇನೆ. ಅದನ್ನು ಬಿಚ್ಚಿ ತೆಗೆದರೆ ಕೆಳಗಿನ ಕಬ್ಬಿಣದ ಕಾಲು ಗಟ್ಟಿಮುಟ್ಟಾಗಿತ್ತು. ಅದರ ಮೇಲೆ ಹಾಸಲು ಒಂದು ಪರಸಿ ಸಾಕು. ನಮ್ಮ ಕಡೆ ಮನೆಯ ನೆಲಕ್ಕೆ ಹಾಸುವ ಕಲ್ಲಿಗೆ ಪರಸಿ ಎನ್ನುತ್ತೇವೆ. ಶಹಾಬಾದದಲ್ಲಿ ಅದಕ್ಕೇನು ಬರ? ನಮ್ಮ ನೆಲ ಅದೇ, ಮಾಳಿಗೆ ಅದೇ, ಬಟ್ಟೆ ಒಗೆಯುವ ಕಲ್ಲೂ ಅದೇ. ಭಂಕೂರಿಗೆ ಹೋಗಿ ಮೂಲೆ ಮುಕ್ಕಾದ ಒಂದು ತುಂಡನ್ನು ಆರಿಸಿದೆ. ಪಾಲೀಶ್ ಮಾಡುವವನು ಕೇಳಿದ, "ಅಡಗಿಮನಿ ಕಟ್ಟಿಗೇನ್ರಿ ಅಕ್ಕೋರ?"

"ಅಲ್ಲಪಾ, ಬರೀಲಿಕ್ಕ."

"ಕಲ್ಲಿನ ಮ್ಯಾಲ ಬರೀತೀರಿ? ಶಾಸನಾ ಏನ್ರಿ?"

"ಹೂಂ, ಶಾಸನಾನೇ. ಮುಂದಿನ ಮಂದಿ ಓದ್ಲಿ, ಇಕಿ ಎಷ್ಟ್ ಪರೇಶಾನಿ ಪಟ್ಟಾಳ ಅಂತ."

ಅವನು ನಕ್ಕ. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಬಂದದ್ದಕ್ಕೆ ನನಗೇ ನಾಚಿಕೆಯಾಗಿ ಬೇರೆ ಕಡೆ ನೋಡಿದೆ.

ಆಟೋದಲ್ಲಿ ಕಲ್ಲು ಮನೆಗೆ ಬಂತು. ಬೆಳಕು ಬೀಳುವ ಜಾಗ ಮನೆಯಲ್ಲಿ ಒಂದೇ, ಕಿಟಕಿಯ ಕೆಳಗೆ, ಅಲ್ಲಿ ಜೋಳದ ಪೀಪಾಯಿ ಕಂಬದ ಹಾಗೆ ನಿಂತಿತ್ತು. ನಾನೂ ಮಗಳೂ ಅದನ್ನು ಸರಿಸಲು ಹೋದೆವು. ಅತ್ತೆ ಅಡ್ಡ ಬಂದರು.

"ಜ್ವಾಳದ ಜಾಗಾದಾಗ ಕಾಗದ ಇಡ್ತೀಯಾ? ನಾಳಿ ಕಾಗದ ಉಂತೀಯೇನು?"

"ಉಣ್ಣೂದಕ್ಕೇ ಕಾಗದ ಬೇಕಾಗ್ಯಾವ್ರಿ ಅತ್ತಿ ಈಗ."

ಅವರು ಬದಿಗೆ ಸರಿದರು. ಪೀಪಾಯಿ ಅಡುಗೆಮನೆಯ ಬಾಗಿಲ ಮಗ್ಗುಲಿಗೆ ಹೋಯಿತು, ಇವತ್ತಿಗೂ ಒಳಹೋಗುವಾಗ ಮೊಣಕೈಗೆ ತಾಗುತ್ತದೆ. ಮೇಜು ಕಿಟಕಿಯ ಕೆಳಗೆ ಬಂತು. ಗೋಡೆಗೆ ಒಂದು ಹಲಗೆ ಬಡಿಸಿದೆ. ಬಣ್ಣಬಣ್ಣದ ಫೈಲು, ತೂತು ಹೊಡೆಯುವ ಮಷೀನು, ಅಂಗಿಯ ರಟ್ಟಿನ ಡಬ್ಬಿಗಳು, ಕಟ್ಟುವ ದಾರ, ಎಲ್ಲ ಜೋಡಿಸಿದೆ. ಮಗಳು ತನ್ನ ಬುದ್ಧಿ ಹೇಳಿದಳು, "ಎಲ್ಲಾ ಫೋಟೋ ಹೊಡದು ಮೊಬೈಲ್‌ನಾಗ ಇಟ್ಟರ ಮುಗೀತಲ್ಲವಾ. ಇಷ್ಟ್ಯಾಕ ಒದ್ದಾಡ್ತಿ?"

"ಮೊಬೈಲ್ ನೀರಾಗ ಬಿದ್ರ?"

"ನಿನ್ನ ಕಲ್ಲು ಕಾಲ ಮ್ಯಾಲ ಬಿದ್ರ?"

ಅಪ್ಪನ ಬಾಯಿ ಬಂದಿದೆ ಅವಳಿಗೆ.

ಮೊದಲು ವಿಷಯದ ಪ್ರಕಾರ ವಿಂಗಡಿಸಿದೆ. ಮನೆ, ಬ್ಯಾಂಕು, ದವಾಖಾನೆ, ಶಾಲೆ, ಕರೆಂಟು-ನೀರು. ಮಾರನೆಯ ದಿನ ಅದು ಸರಿಯಲ್ಲ ಅನ್ನಿಸಿತು, ಎಲ್ಲವನ್ನೂ ಬಿಚ್ಚಿ ಮನುಷ್ಯರ ಪ್ರಕಾರ ಇಟ್ಟೆ. ನನ್ನದು, ಮಗಳದು, ಅತ್ತೆಯದು, ಅವರದು. 'ಅವರದು' ಎಂಬ ಫೈಲು ಉಬ್ಬಿ ಉಬ್ಬಿ ಮುಚ್ಚದೇ ಹೋಯಿತು. ಅದು ಮುಚ್ಚಲಿಲ್ಲವೆಂದು ಸಿಟ್ಟು ಬಂದು ಮತ್ತೆ ಬಿಚ್ಚಿದೆ. ಈ ಸಲ ವರ್ಷದ ಪ್ರಕಾರ. ಅದರಲ್ಲಿ ಯಾವುದೂ ಸಿಗದೆ ಮತ್ತೆ ವಿಷಯಕ್ಕೇ ಬಂದೆ. ಇದೆಲ್ಲ ಮಾಡುವಾಗ ಕೆಳಗೆ ನನ್ನ ಕಾಲು ಮಷೀನಿನ ಪೆಡಲನ್ನು ತುಳಿಯುತ್ತಲೇ ಇರುತ್ತಿತ್ತು. ಹೊಲಿಯಲು ಮೇಲೆ ಏನೂ ಇಲ್ಲ, ಚಕ್ರ ಮಾತ್ರ ಕಿರ್ರ ಕಿರ್ರ ಎಂದು ತಿರುಗುತ್ತಿತ್ತು. "ಹೊಲೀಲಿಕ್ಕ ಕುಂತಾಳೋ ಬರೀಲಿಕ್ಕ ಕುಂತಾಳೋ ಆ ದೇವರಿಗೇ ಗೊತ್ತು. ಎಣ್ಣಿನರ ಬಿಡವಾ ಅದಕ್ಕ" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ತಮ್ಮ ಕಾಗದಗಳನ್ನು ಕೇಳಿದರೆ ಅತ್ತೆ ಕೊಡಲಿಲ್ಲ. ನಮ್ಮತ್ತೆಯ ಸೊಂಟದಲ್ಲಿ ಚಂಚಿ ಇರುತ್ತದೆ, ಎಲೆ ಅಡಿಕೆಯ ಬಟ್ಟೆ ಚೀಲ. ಅವರ ಆಧಾರ್ ಕಾರ್ಡು ಅದರಲ್ಲೇ, ಸುಣ್ಣದ ಡಬ್ಬಿಯ ಮಗ್ಗುಲಲ್ಲಿ. ಅಂಚೆಲ್ಲ ಸುಣ್ಣ ತಿಂದು ಬೆಳ್ಳಗಾಗಿತ್ತು.

"ಅತ್ತಿ, ಆಧಾರ ಕೊಡ್ರಿ. ಫೈಲ್‌ನಾಗ ಇಡ್ತೀನಿ, ಕೆಡಂಗಿಲ್ಲ."

"ನಾ ಎಲ್ಲಿ ಇರ್ತೀನಿ, ನನ್ನ ಆಧಾರ ಅಲ್ಲೇ ಇರ್ತದ. ನಿನ್ನ ಕಲ್ಲಿಗಿ ನನ್ನ ಆಧಾರ ಬ್ಯಾಡ."

ಇದೆಲ್ಲ ಸಣ್ಣ ಜಗಳ. ದೊಡ್ಡದು ಬೇರೆಯಿತ್ತು. ಅರ್ಜಿಯ ದಿಬ್ಬಣದಲ್ಲಿ ಎಲ್ಲಕ್ಕಿಂತ ಮುಂದೆ ನಡೆಯಬೇಕಾದ ಕಾಗದವೇ ನಮ್ಮ ಮನೆಯಲ್ಲಿರಲಿಲ್ಲ. ಮರಣ ಪ್ರಮಾಣ ಪತ್ರ. ಇರಲಿಲ್ಲ ಎಂದರೆ ಬಂದಿರಲಿಲ್ಲ ಎಂದಲ್ಲ. ನಮ್ಮನೆಯವರ ಜೊತೆಗೆ ಕೆಲಸ ಮಾಡುತ್ತಿದ್ದ ಮಾಸ್ತರರೊಬ್ಬರು, ಪಾಪ, ತಾವೇ ಓಡಾಡಿ ಅದರ ಐದಾರು ಪ್ರತಿ ಮಾಡಿಸಿ, ಲಕೋಟೆಯಲ್ಲಿ ಹಾಕಿ ತಂದುಕೊಟ್ಟಿದ್ದರು. ನಾನು ಆಗ ಹಿತ್ತಲಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ. ಬಾಗಿಲಲ್ಲಿ ಅತ್ತೆ ಇದ್ದರು.

"ಏನ್ ಕಾಗದ್ರಿ ಮಾಸ್ತರ್?" ಎಂದು ಅವರು ಕೇಳಿದ್ದು ನನಗೆ ಕೇಳಿಸಿತು. ಮಾಸ್ತರರು ತಗ್ಗಿದ ದನಿಯಲ್ಲಿ, "ಅವ್ರು ತೀರ್ಕೊಂಡಿದ್ದರ ಕಾಗದ್ರಿ ಅವ್ವಾರ" ಎಂದರು. "ಓದ್ರಿ" ಎಂದರು ಅತ್ತೆ. ಮಾಸ್ತರರು ಹೊಸ್ತಿಲ ಹೊರಗೆ ನಿಂತು ಹೆಸರು, ತಂದೆಯ ಹೆಸರು, ದಿನ, ಜಾಗ ಎಲ್ಲ ಓದಿದರು. ನಾನು ಕೈ ಒರೆಸಿಕೊಂಡು ಬರುವುದರೊಳಗೆ ಅತ್ತೆ ಲಕೋಟೆ ಇಸಿದುಕೊಂಡು, ಎಲ್ಲ ಪ್ರತಿಗಳನ್ನೂ ಒಟ್ಟಿಗೆ ಹಿಡಿದು, ಅಡ್ಡ ಹರಿದು, ಉದ್ದ ಹರಿದು, ಚರಂಡಿಗೆ ಹಾಕಿ, ಕಾಲಿಗೆ ನೀರು ಸುರಿದುಕೊಂಡು ಒಳಗೆ ಬಂದಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋನು ಇಲ್ಲದ ಕಾಲದಲ್ಲಿ ಸಾವಿನ ಸುದ್ದಿ ಕಾರ್ಡಿನಲ್ಲಿ ಬರುತ್ತಿತ್ತು. ಅಂಥ ಕಾಗದವನ್ನು ಹೊಸ್ತಿಲ ಹೊರಗೆ ನಿಂತು ಓದಬೇಕು, ಓದಿ ಅಲ್ಲೇ ಹರಿಯಬೇಕು, ಕಾಲಿಗೆ ನೀರು ಹಾಕಿಕೊಂಡು ಒಳಬರಬೇಕು. ಒಳಗಿಟ್ಟರೆ ಅದು ಇನ್ನೊಂದು ಸುದ್ದಿಯನ್ನು ಕರೆಯುತ್ತದೆ. ಕೊಡ್ಲಿಯಲ್ಲಿ ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ಮೊಹರು ಬಿದ್ದದ್ದೋ, ಅಂಚೆಯಲ್ಲಿ ಬಂದದ್ದೋ, ಅತ್ತೆಗೆ ಅದು ಸಾವಿನ ಕಾಗದ. ಅಷ್ಟೇ. ಅವರ ಮಟ್ಟಿಗೆ ಅವರು ಮಾಡಿದ್ದು ಸರಿ. ನನಗದು ಗೊತ್ತಿತ್ತು. ಗೊತ್ತಿದ್ದೂ ಅವತ್ತು ಬಾಯಿಗೆ ಬಂದದ್ದನ್ನು ಬೈದೆ.

ಎರಡನೆಯ ಸಲ ನಾನೇ ಹೋಗಿ ಮಾಡಿಸಿಕೊಂಡು ಬಂದೆ. ಹಿಂದಿನ ಸಲದ್ದು ಎಲ್ಲಿ ಎಂದು ಕಚೇರಿಯವರು ಕೇಳಿದರು, ಹರಿಯಿತು ಎಂದೆ. ಹೇಗೆ ಹರಿಯಿತು ಎಂದು ಕೇಳಲಿಲ್ಲ, ನನ್ನ ಪುಣ್ಯ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮನೆಗೆ ಬಂದರೆ ಅತ್ತೆ ಹೊಸ್ತಿಲ ಮೇಲೆ ಅಡ್ಡ ಕೂತಿದ್ದರು. ಅವರಿಗೆ ಯಾರು ಹೇಳಿದರೋ.

"ಅದನ್ನ ಒಳಗ ತರಬ್ಯಾಡ."

"ಅತ್ತಿ, ಅದಕ್ಕಂತೇ ಫೈಲ್ ಮಾಡೀನ್ರಿ. ನೀವು ನೋಡಬ್ಯಾಡ್ರಿ, ನಾ ಮುಚ್ಚಿಡ್ತೀನಿ."

"ಕೂಸು ಅದ ಮನ್ಯಾಗ. ನನ್ನ ಮಾತು ಕೇಳು. ಹೊರಗ ಎಲ್ಲಿ ಬೇಕಾದಲ್ಲಿ ಇಡು, ನಾ ಹರಿಯಂಗಿಲ್ಲ. ಒಳಗ ಬ್ಯಾಡ."

ಕೂಸು ಎಂದರೆ ನನ್ನಷ್ಟೇ ಎತ್ತರದ ನನ್ನ ಮಗಳು. ಆ ಒಂದು ಮಾತಿಗೆ ನನ್ನ ಕಾಲು ನಿಂತುಬಿಟ್ಟಿತು. ಮೂಢನಂಬಿಕೆ ಎಂದು ಬೈಯುವ ಬಾಯಿ ಮಗಳ ಹೆಸರು ಬಂದ ಕೂಡಲೇ ಒಣಗಿತು. ತಲಬಾಗಿಲ ಹೊರಗೆ ಗೋಡೆಯಲ್ಲಿ ದೀಪ ಇಡುವ ಗೂಡು ಇದೆ. ಅದರಲ್ಲಿ ಕವರಿಟ್ಟು ಮೇಲೊಂದು ಕಲ್ಲು ಹೇರಿದೆ. ನಿಜ ಹೇಳಬೇಕೆಂದರೆ ನನಗೂ ಹಗುರಾಯಿತು. ಮೇಜಿನ ಮೇಲೆ ಅದಕ್ಕೆಂದು ತೆಗೆದಿಟ್ಟಿದ್ದ ಫೈಲನ್ನು ಹಲಗೆಯ ತುದಿಗೆ ಸರಿಸಿದೆ.

ಹಗುರಾದದ್ದು ಒಂದು ದಿನ. ಆಮೇಲೆ ಶುರುವಾಯಿತು ನೋಡಿ. ಮೋಡ ಕಂಡರೆ ಎದ್ದು ಹೊರಗೆ ಹೋಗುತ್ತೇನೆ, ಕವರು ನೆನೆಯಿತೇ? ಗಾಳಿ ಬೀಸಿದರೆ ಹೋಗುತ್ತೇನೆ, ಹಾರಿತೇ? ಓಣಿಯ ಆಡು ಕಾಗದ ತಿನ್ನುವುದನ್ನು ನಾನೇ ಕಂಡಿದ್ದೇನೆ, ಅದು ನಮ್ಮ ಬಾಗಿಲ ಕಡೆ ಮುಖ ಮಾಡಿದರೆ ಓಡುತ್ತೇನೆ. ಒಳಗೆ ಮೇಜಿನ ಮೇಲೆ ನೀರಿನ ಬಿಲ್ಲು ರಾಜನ ಹಾಗೆ ಫೈಲಿನಲ್ಲಿ ಮಲಗಿದೆ, ಹೊರಗೆ ನನ್ನ ನೌಕರಿ ಗೂಡಿನಲ್ಲಿ ಕೂತಿದೆ. ಇಂಥ ಚೆಂದದ ವ್ಯವಸ್ಥೆಯನ್ನು ಯಾರಾದರೂ ಮಾಡಿದ್ದುಂಟೇ? ಮಗಳಂತೂ "ಅವ್ವನ ಬ್ರಾಂಚ್ ಆಫೀಸು" ಎಂದು ಅದಕ್ಕೆ ಹೆಸರಿಟ್ಟಳು.

ಉಳಿದ ಕಾಗದಗಳೆಲ್ಲ ಒಂದೊಂದಾಗಿ ಕೂಡಿಬಂದವು. ಕೊನೆಗೆ ಉಳಿದದ್ದು ಒಂದೇ, ಅದು ಯಾವ ಡಬ್ಬಿಯಲ್ಲೂ ಸಿಗುವಂಥದ್ದಲ್ಲ. ತೀರಿಕೊಂಡವರ ತಾಯಿ ಖುದ್ದಾಗಿ ಚಿತ್ತಾಪುರದ ಕಚೇರಿಗೆ ಬಂದು, ಈ ನೌಕರಿ ಸೊಸೆಗೆ ಕೊಡಲು ತನ್ನ ತಕರಾರಿಲ್ಲ ಎಂದು ಅಧಿಕಾರಿಯ ಮುಂದೆ ಹೇಳಿಕೆ ಕೊಡಬೇಕು. ವರ್ಷ ತುಂಬಲು ಬಂದಿತ್ತು. ನಾನು ಊಟಕ್ಕೆ ಬಡಿಸುತ್ತ ವಿಷಯ ತೆಗೆದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಏನಂತ ಹೇಳಬೇಕು?"

"ನಿಮ್ಮ ಮಗ ತೀರ್ಕೊಂಡಾರ, ನನಗ ಕೊಟ್ರ ನಿಮ್ಮದೇನೂ ಇಲ್ಲ ಅಂತ. ಅಷ್ಟೇ ಅದರಿ."

"ಅಷ್ಟೇ?" ಎಂದರು. "ಅಂವ ಹ್ವಾದ ಅಂತ ಹಡದಾಕಿ ಬಾಯಿಲೆ ಅನಸ್ತೀಯಾ? ನಾ ಅನ್ನಂಗಿಲ್ಲ. ಬೇಕಾದ್ರ ಬರ್ಕೊಂಡು ಬಾ, ಹೆಬ್ಬಟ್ಟು ಒತ್ತತೀನಿ. ಬಾಯಿಲೆ ಅನ್ನಂಗಿಲ್ಲ."

ನನ್ನ ತಲೆ ಕೆಟ್ಟಿತು. ಅಷ್ಟು ದಿನ ಕಾಲಿನಲ್ಲಿದ್ದದ್ದೆಲ್ಲ ಬಾಯಿಗೆ ಬಂತು. "ನೀವು ಅನ್ನದಿದ್ರ ಅವ್ರು ಹೊಳ್ಳಿ ಬರ್ತಾರೇನ್ರಿ? ಕಾಗದಾ ಹೊರಗ ಇಟ್ಟೆ, ನಿಮ್ಮ ಮಾತು ಕೇಳಿದೆ. ಈಗ ಒಂದ್ ಮಾತ ಅನ್ರೀ ಅಂದ್ರ ಆಗಲ್ಲಂತೀರಿ. ನಾ ಅನ್ಲಿಕತ್ತಿಲ್ಲೇನು? ಆಫೀಸ್ ಆಫೀಸ್ ತಿರುಗಿ ಎಲ್ಲಾರ ಮುಂದ ಅನ್ಲಿಕತ್ತೀನಿ! ನೌಕರಿ ಸಿಗಲಿಲ್ಲಂದ್ರ ಮೊಮ್ಮಗಳ ಕಾಲೇಜ್ ಬಿಡಸ್ರಿ, ಇಬ್ಬರೂ ಕಲ್ಲ ಹೊರಾಕ ಹೋಗ್ತೀವಿ, ನೀವು ಬಾಯಿ ಮುಚ್ಚಿಕೊಂಡು ಕುಂದರ್ರಿ!"

ಆಡಬಾರದಿತ್ತು. ಅತ್ತೆ ತಾಟಿಗೆ ಕೈ ಮುಗಿದು ಎದ್ದುಹೋದರು. ಅವರಿಗೆ ಅನ್ನ ಬಿಟ್ಟೇಳುವ ಚಾಳಿಯೇ ಇಲ್ಲ. ನಾನು ಹೋಗಿ ಪೆಡಲು ತುಳಿದೆ. ಎದ್ದು ಗೂಡು ನೋಡಿ ಬಂದೆ. ಮತ್ತೆ ತುಳಿದೆ. ಸಿಟ್ಟು ಇಳಿಯಲಿಲ್ಲ, ಅದರ ಕೆಳಗೆ ಹೆದರಿಕೆ ಇತ್ತು. ಈ ಮುದುಕಿ ಬರದಿದ್ದರೆ ನನ್ನ ಇಷ್ಟೂ ಫೈಲು ಒಲೆಗೆ.

ಎರಡು ದಿನ ನಮ್ಮಿಬ್ಬರಿಗೆ ಮಾತಿಲ್ಲ. ಮಗಳು ನಡುವೆ ನಿಂತು "ಆಯಿ ಉಪ್ಪು ಕೇಳ್ಲಿಕತ್ತಾಳ, ಅವ್ವ ಡಬ್ಬಿ ಕೇಳ್ಲಿಕತ್ತಾಳ" ಎಂದು ಟಪಾಲು ಹಂಚಿದಳು. ಮೂರನೆಯ ಬೆಳಿಗ್ಗೆ ನಾನು ಏಳುವುದರೊಳಗೆ ಅತ್ತೆ ಮಿಂದು, ಮಡಚಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಚಂಚಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಗಾಡಿ ಎಷ್ಟಕ್ಕ ಅದ?" ಎಂದರು. ಯಾಕೆ ಬಂದರು, ಏನು ಮನಸ್ಸು ತಿರುಗಿತು, ನಾನು ಕೇಳಲಿಲ್ಲ. ಕೇಳಿದರೆ ಒಳಗೆ ಹೋಗಿಬಿಟ್ಟಾರು ಎಂಬ ಭಯ.

ಫೈಲುಗಳನ್ನೆಲ್ಲ ಚೀಲಕ್ಕೆ ಹಾಕಿದೆ. ಹೊರಬಂದು ಗೂಡಿನ ಕವರು ತೆಗೆದುಕೊಂಡೆ. ಅದನ್ನು ಬುತ್ತಿಯ ಚೀಲದಲ್ಲಿ ಇಡಬೇಡ ಎಂದರು ಅತ್ತೆ, ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದೆ. ವಾಡಿಯಲ್ಲಿ ಇಳಿದು ಚಿತ್ತಾಪುರದ ಗಾಡಿಗೆ ಕಾಯಬೇಕಾಯಿತು. ಸಿಮೆಂಟಿನ ಬೂದಿ ಬಣ್ಣ ಎಲ್ಲದರ ಮೇಲೂ ತೆಳ್ಳಗೆ ಕೂತಿತ್ತು. ನಾನು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದೆ. ಅತ್ತೆ ಬೆಂಚಿನ ಮೇಲೆ ಕೂತು ಹಳಿಗಳನ್ನೇ ನೋಡುತ್ತಿದ್ದವರು ಕೇಳಿದರು, "ಅಂವ ದಿನಾ ಇಲ್ಲೇ ಗಾಡಿ ಬದಲಿ ಮಾಡ್ತಾನೇನು?"

"ಹೂಂ ಅತ್ತಿ, ಇಲ್ಲೇ."

"ಬಿಸಲು ಭಾಳ ಅದಲ್ಲ ಇಲ್ಲಿ."

ಕಚೇರಿಯಲ್ಲಿ ನಮ್ಮ ಪಾಳಿ ಬರುವಾಗ ಮಧ್ಯಾಹ್ನವಾಗಿತ್ತು. ಅಧಿಕಾರಿ ಹೊಸಬರು, ಈಚೆಗೆ ವರ್ಗವಾಗಿ ಬಂದವರು, ನಮ್ಮ ಪೈಕಿ ಯಾರನ್ನೂ ಕಂಡವರಲ್ಲ. ಅತ್ತೆಯನ್ನು ಗೋಡೆಯ ಬೆಂಚಿನ ಮೇಲೆ ಕೂರಿಸಿ ನಾನು ಮೇಜಿನ ಮುಂದೆ ನಿಂತೆ. ಕೂರಿ ಎಂದರು, ನಿಂತೇ ಇದ್ದೆ. ಅವರು ಕೇಳಿದ ಕಾಗದವನ್ನೆಲ್ಲ ಅವರ ಮಾತು ಮುಗಿಯುವುದರೊಳಗೆ ತೆಗೆದು ಇಡುತ್ತ ಹೋದೆ. ರೇಷನ್ ಕಾರ್ಡು, ಇಗೋ. ವಂಶಾವಳಿ, ಇಗೋ. ನನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ಇಗೋ. ಅಧಿಕಾರಿ ಹುಬ್ಬೇರಿಸಿ, "ಭಾಳ ಛಲೋ ಜೋಡಿಸಿಕೊಂಡು ಬಂದೀರಿ" ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವರು ಬಿಳಿ ಹಾಳೆ ತೆಗೆದು ಹೇಳಿಕೆ ಬರೆಯಲು ಶುರು ಮಾಡಿದರು. ಮೊದಲು ನನ್ನದು. ಹೆಸರು ಕೇಳಿದರು, ಹೇಳಿದೆ. ಊರು ಕೇಳಿದರು, ಹೇಳಿದೆ.

"ಯಜಮಾನ್ರ ಉದ್ಯೋಗ?"

"ಹೈಸ್ಕೂಲ್‌ನಾಗ ಕ್ಲರ್ಕ್ ಅದಾರ್ರಿ."

ಪೆನ್ನು ನಿಂತಿತು. "ಅದಾರ?"

"ಹೌದ್ರೀ, ಅದಾರ. ಶಹಾಬಾದದಿಂದ ದಿನಾ ಗಾಡಿಗಿ ಬರ್ತಾರ." ನನ್ನ ಬಾಯಿಂದ ಬರುತ್ತಿದ್ದದ್ದು ನನ್ನ ಕಿವಿಗೇ ಬೀಳುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. "ಮುಂಜಾನೆ ಹೋಗ್ತಾರ, ಸಂಜಿಗಿ ಬರ್ತಾರ…"

ಅಧಿಕಾರಿ ಕನ್ನಡಕ ತೆಗೆದು ಅರ್ಜಿಯನ್ನೊಮ್ಮೆ ನೋಡಿದರು, ಕವರಿನೊಳಗಿನ ಆ ಕಾಗದವನ್ನೊಮ್ಮೆ ನೋಡಿದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. "ನೋಡ್ರಿ ಅಮ್ಮಾ, ಅವ್ರು ಇರೂದಾದ್ರ ಈ ಅರ್ಜಿ ಯಾಕ್ರಿ? ನಾ ನೀವು ಹೇಳಿದಂಗ ಬರೀಬೇಕಾಗ್ತದ. ಹೇಳಿಕಿ ತಪ್ಪಾದ್ರ ಮ್ಯಾಲಿಂದ ವಾಪಸ್ ಬರ್ತದ, ಮತ್ತ ವರ್ಷ ದಾಟ್ತದ. ಸಮಾಧಾನಲೆ, ಸರಿಯಾಗಿ ಹೇಳ್ರಿ. ಅದಾರೋ, ಇದ್ರೋ?"

ಇಷ್ಟೇ ಇತ್ತು. 'ಇದ್ರು' ಎನ್ನಬೇಕು. ಅದಾರ ಎಂಬಲ್ಲಿ ಇದ್ರು. ಎಲ್ಲರ ಮುಂದೆ ದಿನಾ ಅನ್ನುತ್ತಿದ್ದೇನೆ ಎಂದು ಅತ್ತೆಯ ಮೇಲೆ ಕೂಗಾಡಿದವಳು ನಾನು. ಎಲ್ಲಿ ಅಂದಿದ್ದೆ? ಕಚೇರಿ ಕಚೇರಿಯಲ್ಲಿ ಕಾಗದ ಮುಂದಿಟ್ಟಿದ್ದೆ, ಬೆರಳು ತೋರಿಸಿದ್ದೆ, ತಲೆಯಾಡಿಸಿದ್ದೆ. ಬಾಯಿಂದ ಒಂದು ಸಲವೂ ಅಂದಿರಲಿಲ್ಲ. ಈಗ ಬಾಯಿ ತೆರೆದರೆ ನಾಲಿಗೆ ಮೇಲೇಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡೆ. ಕೈಯಲ್ಲಿದ್ದ ಫೈಲು ಜಾರಿ, ನಾನು ಅಷ್ಟು ಚೆಂದ ಜೋಡಿಸಿದ್ದ ಹಾಳೆಗಳೆಲ್ಲ ನೆಲಕ್ಕೆ ಬಿದ್ದವು. ಎತ್ತಿಕೊಳ್ಳಲು ಬಗ್ಗಲೂ ಆಗಲಿಲ್ಲ.

ಹಿಂದಿನಿಂದ ಬೆಂಚು ಕಿರುಗುಟ್ಟಿತು. ಅತ್ತೆ ಬಂದು ನನ್ನ ಮಗ್ಗುಲಲ್ಲಿ ನಿಂತರು. ಅವರ ಕೈ ನನ್ನ ರಟ್ಟೆಯನ್ನು ಹಿಡಿಯಿತು, ನೋವಾಗುವಷ್ಟು ಬಿಗಿಯಾಗಿ.

"ಇದ್ದ," ಎಂದರು. "ಇದ್ದ ಅಂತ ಬರ್ಕೊಳ್ರಿ ಸಾಹೇಬ್ರ. ಕ್ಲರ್ಕ್ ಇದ್ದ, ನನ್ನ ಮಗ. ಈಗ ಇಲ್ಲ. ತೀರ್ಕೊಂಡಾನ. ಇಕಿ ಅದಾಳ. ನೌಕರಿ ಇಕಿಗಿ ಕೊಡ್ರಿ, ನಂದೇನೂ ತಕರಾರಿಲ್ಲ."

ಅಧಿಕಾರಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ಅತ್ತೆ ಹೂಂ ಎಂದರು, ಶಾಯಿಯ ಮೇಲೆ ಹೆಬ್ಬೆಟ್ಟು ಒತ್ತಿ ಹಾಳೆಯ ಮೇಲೆ ಊರಿದರು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು. ಅಧಿಕಾರಿ ಎಲ್ಲಿ ತೋರಿಸಿದರೋ ಅಲ್ಲಿ ನಾನು ಸಹಿ ಹಾಕಿದೆ. ಅರ್ಜಿಯ ಮೇಲೆ ಮೊಹರು ಬಿತ್ತು. ನೆಲದ ಹಾಳೆಗಳನ್ನು ಅತ್ತೆಯೇ ಆರಿಸಿ, ಹಿಂದುಮುಂದಾಗಿ, ಸುಮ್ಮನೆ ಚೀಲಕ್ಕೆ ತುರುಕಿದರು. ನಾನು ನೋಡುತ್ತ ನಿಂತಿದ್ದೆ.

ಕಚೇರಿಯ ಹೊರಗೆ ಬೇವಿನ ಮರದ ಸುತ್ತ ಒಂದು ಕಟ್ಟೆ ಇತ್ತು. ಸ್ಟೇಷನ್ನಿಗೆ ಹೋಗೋಣ, ಗಾಡಿ ತಪ್ಪೀತು, ನಡೀರಿ ನಡೀರಿ ಎಂದು ನಾನು ಎರಡು ಹೆಜ್ಜೆ ಮುಂದೆ ನಡೆದಿದ್ದೆ. ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಎಲ್ಲಿಗಿ ಓಡ್ತಿ? ಕುಂದರು," ಎಂದರು. "ಅಳವಾ, ಅಳು. ಗಾಡಿಗಿ ಇನ್ನಾ ಟೈಮ್ ಅದ."